ಲೀತ್ ಹಿಲ್‌ನ ಕಾಡುದಾರಿಯಲ್ಲಿ ಕರಿಯನ ಹಿಂದೆ

ಕೋಲ್ಡ್‌ಹಾರ್ಬರ್ ಎಂಬ ಊರಿನಲ್ಲಿ ಇರುವುದು ಒಂದು ಚರ್ಚು, ಒಂದು ಪಬ್ಬು, ಇಳಿಜಾರಿಗೆ ಅಂಟಿಕೊಂಡ ಒಂದಷ್ಟು ಮನೆಗಳು. ಪಬ್ಬಿನ ಎದುರಿನಿಂದಲೇ ಕಾಡಿಗೆ ಏರುವ ಮಣ್ಣಿನ ದಾರಿ ಶುರುವಾಗುತ್ತದೆ. ತಂಗಿ ಕಾರಿನ ಡಿಕ್ಕಿ ತೆರೆದು ನಾಯಿ ಕರಿಯನನ್ನು ಇಳಿಸುತ್ತಿದ್ದಂತೆ, ಮೇಲಿನಿಂದ ಬರುತ್ತಿದ್ದ ಅಜ್ಜಿಯೊಬ್ಬರು ನಿಂತರು. ಇವನಿಗೆ ವಯಸ್ಸೆಷ್ಟು, ಹೆಸರೇನು ಎಂದು ವಿಚಾರಿಸಿದರು, ಕಿವಿಯ ಹಿಂದೆ ಕೆರೆದರು, ಮುಂದೆ ಕೆಸರಿದೆ ಎಂದು ಎಚ್ಚರಿಸಿ ಹೊರಟರು. ನಮ್ಮಿಬ್ಬರ ಹೆಸರು ಕೇಳಲಿಲ್ಲ. ಇಲ್ಲಿನ ಕಾಡುದಾರಿಯ ಶಿಷ್ಟಾಚಾರವೇ ಹಾಗೆ. ಮೊದಲ ಮಾತು ನಾಯಿಯ ಜೊತೆ, ಮನುಷ್ಯರ ಪರಿಚಯ ಆದರಾಯಿತು, ಆಗದಿದ್ದರೂ ಯಾರೂ ಬೇಸರಪಡುವುದಿಲ್ಲ.

ಇಲ್ಲಿಗೆ ಬರಲು ಲಂಡನ್ನಿನಿಂದ ದಕ್ಷಿಣಕ್ಕೆ ಡಾರ್ಕಿಂಗ್‌ವರೆಗೆ ರೈಲು, ಅಲ್ಲಿಂದ ಬೆಟ್ಟದ ರಸ್ತೆ. ರೈಲಿನಲ್ಲಿ ಒಬ್ಬ ಪ್ರಯಾಣಿಕ ಎರಡು ನಾಯಿಗಳವರೆಗೆ ಟಿಕೆಟ್ಟಿಲ್ಲದೆ ಕರೆದೊಯ್ಯಬಹುದು, ಸೀಟಿನ ಮೇಲೆ ಮಾತ್ರ ಕೂರಿಸುವಂತಿಲ್ಲ. ಇಡೀ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮರಗಳ ಹೊದಿಕೆ ಇರುವ ಕೌಂಟಿ ಈ ಸರ್ರೆ. 1958ರಲ್ಲೇ ಇಲ್ಲಿನ ಗುಡ್ಡಸಾಲನ್ನು ನೈಸರ್ಗಿಕ ಸೌಂದರ್ಯದ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಆ ಸಾಲಿನ ಅತ್ಯುನ್ನತ ನೆತ್ತಿ ಲೀತ್ ಹಿಲ್, ಎತ್ತರ 294 ಮೀಟರ್. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಇದರ ಮೂರು ಪಟ್ಟು ಎತ್ತರದಲ್ಲಿದೆ ಎಂದು ನಾನು ಕುಹಕವಾಡಿದೆ. ಮೊದಲ ಏರು ಮುಗಿಯುವಷ್ಟರಲ್ಲಿ ಏದುಸಿರು ಹತ್ತಿತ್ತು, ಕುಹಕವೂ ನಿಂತಿತು.

ಮೇ ತಿಂಗಳ ಮೊದಲ ವಾರ. ಓಕ್, ಬರ್ಚ್ ಮರಗಳ ಎಲೆ ಇನ್ನೂ ಎಳೆಹಸಿರು, ನಡುವೆ ಕಪ್ಪಾಗಿ ನಿಂತ ಪೈನ್. ಬುಡದಲ್ಲಿ ಬ್ಲೂಬೆಲ್ ಹೂಗಳು ಮುಗಿಯುವ ಹಂತದಲ್ಲಿದ್ದರೂ ನೀಲಿ ಪೂರ್ತಿ ಹೋಗಿರಲಿಲ್ಲ. ಚಂದ ನೋಡಲು ಬಂದವರು ಫೋಟೊ ತೆಗೆಯಲು ಹೂವಿನೊಳಗೆ ಕಾಲಿಡುತ್ತಾರೆ. ಒಮ್ಮೆ ತುಳಿತಕ್ಕೆ ಸಿಕ್ಕಿದ ಬ್ಲೂಬೆಲ್ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ನಾಯಿಗೂ ಆ ಹೂವಿಗೂ ಇನ್ನೊಂದು ಕಾರಣಕ್ಕೆ ದೂರವೇ ಒಳ್ಳೆಯದು. ಅದರ ಗೆಡ್ಡೆ ವಿಷ, ಮಣ್ಣು ಕೆದಕುವ ಚಟವಿರುವ ನಾಯಿಯನ್ನು ಇಲ್ಲಿ ಹತ್ತಿರವೇ ಇಟ್ಟುಕೊಳ್ಳಬೇಕು.

ಏರು ಮುಗಿದಲ್ಲಿ ಮರಗಳು ಸರಿದು ಸಮತಟ್ಟಾದ ಹಸಿರು ಬಯಲು ಎದುರಾಯಿತು. ಬೆಟ್ಟದ ಮೇಲೆ, ಕಾಡಿನ ನಡುವೆ ಒಂದು ಕ್ರಿಕೆಟ್ ಮೈದಾನ! ಸಿಕ್ಸರ್ ಹೊಡೆದರೆ ಚೆಂಡು ಜರೀಗಿಡಗಳ ಪಾಲು. ಅಂದು ಆಟವಿರಲಿಲ್ಲ. ಕರಿಯ ಲ್ಯಾಬ್ರಡಾರ್ ಆದ್ದರಿಂದ ಬೌಂಡರಿಯ ಸುತ್ತ ಕಳೆದುಹೋದ ಚೆಂಡೊಂದು ಸಿಗಬಹುದೆಂಬ ಆಸೆಯಿಂದ ಮೂಗು ನೆಲಕ್ಕಿಟ್ಟು ಹುಡುಕಿದ. ಸಿಗಲಿಲ್ಲ.

ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ಮರದ ಕಂಬ, ಕಂಬದ ಮೇಲೆ ಬಾಣ. ಹಳದಿ ಬಾಣವಿದ್ದರೆ ಕಾಲ್ನಡಿಗೆಯವರ ದಾರಿ, ನೀಲಿಯಾದರೆ ಕುದುರೆ, ಸೈಕಲ್ಲಿಗೂ ಅವಕಾಶ. ಈ ಬಾಣಗಳನ್ನು ನಾನು ಮೊದಲು ಬರೀ ದಿಕ್ಸೂಚಿ ಎಂದುಕೊಂಡಿದ್ದೆ. ತಂಗಿ ಬಿಡಿಸಿ ಹೇಳಿದಳು. ನೆಲ ಯಾರದೇ ಇರಲಿ, ಆ ಗೆರೆಯ ಮೇಲೆ ನಡೆಯುವ ಹಕ್ಕು ಎಲ್ಲರದು. ಶತಮಾನಗಳಿಂದ ಜನ ಚರ್ಚಿಗೆ, ಸಂತೆಗೆ, ಗಿರಣಿಗೆ ನಡೆದು ಸವೆಸಿದ ದಾರಿಗಳನ್ನು 1949ರ ಕಾನೂನು ನಕ್ಷೆಯಲ್ಲಿ ಗುರುತಿಸಿ ಭದ್ರಪಡಿಸಿತು. ಮಾಲೀಕ ಬೇಲಿ ಹಾಕಬಹುದು, ಆದರೆ ದಾರಿ ಮುಚ್ಚುವಂತಿಲ್ಲ. ಹಾಗಾಗಿ ಬೇಲಿ ಅಡ್ಡ ಬಂದಲ್ಲೆಲ್ಲ ದಾಟಲು ಒಂದು ಏರ್ಪಾಡು ಇರುತ್ತದೆ. ಕೆಲವೆಡೆ ನಮ್ಮ ಮಲೆನಾಡಿನ ತಡಮೆಯ ತಮ್ಮನಂಥ ಮರದ ಮೆಟ್ಟಿಲು. ಅದರ ಪಕ್ಕದಲ್ಲಿ, ಪುಣ್ಯವಿದ್ದರೆ, ಮೇಲಕ್ಕೆತ್ತುವ ಒಂದು ಪುಟ್ಟ ಹಲಗೆ. ಅದು ನಾಯಿಯ ಬಾಗಿಲು. ಪುಣ್ಯವಿಲ್ಲದ ಕಡೆ ಮೂವತ್ತು ಕಿಲೋ ತೂಕದ ಕರಿಯನನ್ನು ಹೊತ್ತು ದಾಟಿಸುವ ಕೆಲಸ ನನ್ನದು.

ಇಂಥ ಕಾಲುದಾರಿಯಲ್ಲಿ ನಾಯಿಗೆ ಹಗ್ಗ ಕಟ್ಟಲೇಬೇಕೆಂದು ಇಡೀ ದೇಶಕ್ಕೆ ಅನ್ವಯಿಸುವ ನಿಯಮವಿಲ್ಲ. ಕರೆದರೆ ಬರಬೇಕು, ದಾರಿ ಬಿಡಬಾರದು, ಅಷ್ಟೆ. ಇಂಗ್ಲಿಷರಿಗೆ ನಾಯಿ ಎಂದರೆ ಪ್ರಾಣ, ಅದಕ್ಕೇ ಇಷ್ಟು ಸಲುಗೆ ಎಂದು ನಾವು ದೂರದಿಂದ ಅಂದುಕೊಳ್ಳುತ್ತೇವೆ. ನಡೆದು ನೋಡಿದರೆ ಪ್ರೀತಿಯ ಪಾಲು ಅದರಲ್ಲಿ ಕಡಿಮೆ. ನಾಯಿಗೆ ಸಿಕ್ಕಿದ್ದು ಮನುಷ್ಯನ ನಡೆಯುವ ಹಕ್ಕಿನ ಬಾಲ ಹಿಡಿದು ಬಂದ ಹಕ್ಕು. ಬಾಲ ಎಲ್ಲಿ ತುಂಡಾಗುತ್ತದೆ ಎನ್ನುವುದೂ ಅಷ್ಟೇ ಖಚಿತವಾಗಿ ಬರೆದಿಟ್ಟಿದೆ.

ಅದು ನಮಗೆ ಗೊತ್ತಾದದ್ದು ಮೈದಾನ ದಾಟಿ ಕುರುಚಲು ಹೆದರ್ ಗಿಡಗಳ ಬಯಲಿಗೆ ಬಂದಾಗ. ತಂಗಿ ಮಾತು ನಿಲ್ಲಿಸಿ ಕರಿಯನಿಗೆ ಹಗ್ಗ ಹಾಕಿದಳು. 2000ದ ಕಾನೂನಿನಂತೆ, ದಾರಿ ಬಿಟ್ಟೂ ಅಡ್ಡಾಡಬಹುದಾದ ತೆರೆದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯ ಹಗ್ಗ ಎರಡು ಮೀಟರಿಗಿಂತ ಉದ್ದ ಇರಬಾರದು. ಕಾರಣ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು. ಸ್ಕೈಲಾರ್ಕ್, ವುಡ್‌ಲಾರ್ಕ್, ನೈಟ್‌ಜಾರ್ ಇವೆಲ್ಲ ಮೊಟ್ಟೆ ಇಡುವುದು ಹುಲ್ಲಿನಲ್ಲಿ, ಹೆದರ್ ಬುಡದಲ್ಲಿ. ನಾಯಿ ಮೊಟ್ಟೆ ತಿನ್ನಬೇಕೆಂದೇನೂ ಇಲ್ಲ. ಪಕ್ಕದಲ್ಲಿ ಮೂಸಿಕೊಂಡು ಹೋದರೆ ಸಾಕು, ತಾಯಿ ಎದ್ದು ಹಾರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ, ಕಾಗೆ ನೋಡಿರುತ್ತದೆ. ಅದೇ ಹೆದರ್ ಗಿಡಗಳ ನಡುವಿನ ಮರಳಿನಲ್ಲಿ ಆ್ಯಡರ್ ಎಂಬ ವಿಷದ ಹಾವು ವಸಂತದ ಬಿಸಿಲು ಕಾಯಿಸುತ್ತಾ ಮಲಗಿರುತ್ತದೆ. ಇಂಗ್ಲೆಂಡಿನ ಏಕೈಕ ವಿಷಸರ್ಪ ಅದು. ಮೂಗು ಚಾಚುವ ನಾಯಿಗೆ ಕಚ್ಚಿಸಿಕೊಳ್ಳಲು ಮೊದಲು ಸಿಗುವುದೂ ಮೂಗೇ.

ಗೋಪುರ ಕಾಣಿಸಿತು. 1765ರ ಸುಮಾರಿಗೆ ರಿಚರ್ಡ್ ಹಲ್ ಎಂಬ ಶ್ರೀಮಂತ ಕಟ್ಟಿಸಿದ್ದು. ಬೆಟ್ಟ ಸಾವಿರ ಅಡಿಗೆ 35 ಅಡಿ ಕಡಿಮೆ ಎಂಬುದು ಅವನಿಗೆ ಕೊರೆಯುತ್ತಿತ್ತಂತೆ, ಮೇಲೆ 64 ಅಡಿಯ ಗೋಪುರ ನಿಲ್ಲಿಸಿ ಲೆಕ್ಕ ಸರಿಮಾಡಿದ. 1772ರಲ್ಲಿ ತೀರಿಕೊಂಡಾಗ ಅದರ ಕೆಳಗೇ ಸಮಾಧಿಯಾದ. ಆಮೇಲೆ ಗೋಪುರ ಹಾಳು ಬಿದ್ದು, ಒಳಗೆ ಕಲ್ಲುಮಣ್ಣು ತುಂಬಿ ಮುಚ್ಚಿಬಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ತೆರೆಯಲು ಹೊರಟಾಗ ಒಳಗಿನ ತುಂಬು ಬಿಡಿಸಲಾಗದೆ, ಪಕ್ಕಕ್ಕೆ ಮೆಟ್ಟಿಲಿನ ಹೊಸ ಗೋಪುರವನ್ನೇ ಅಂಟಿಸಿದರು. ಇವತ್ತು ಹತ್ತುವುದು ಆ ಅಂಟಿಸಿದ ಭಾಗದಲ್ಲೇ. "ಅಣ್ಣಾ, ನೀನು ಹತ್ತಿ ಬಾ, ಇವನನ್ನ ನಾನು ಹಿಡ್ಕೊಂಡಿರ್ತೀನಿ" ಎಂದಳು ತಂಗಿ. ಸುರುಳಿ ಮೆಟ್ಟಿಲು ಇಕ್ಕಟ್ಟು, ನಾಲ್ಕು ಕಾಲಿನವರಿಗೆ ಹೇಳಿ ಮಾಡಿಸಿದ್ದಲ್ಲ. ಆಕಾಶ ತಿಳಿಯಾಗಿದ್ದರೆ ಉತ್ತರಕ್ಕೆ ಲಂಡನ್ನಿನ ಕಟ್ಟಡಗಳು, ದಕ್ಷಿಣದಲ್ಲಿ ಗುಡ್ಡಗಳ ಸಂದಿನಿಂದ ಇಂಗ್ಲಿಷ್ ಕಡಲ್ಗಾಲುವೆಯ ನೀರು ಎರಡೂ ಕಾಣುತ್ತವೆ. ಅಂದು ಮಬ್ಬು. ಕೆಳಗೆ ಮಾತ್ರ ಸ್ಪಷ್ಟವಾಗಿ ಕಂಡಿತು: ಗೋಪುರದ ಬುಡದಲ್ಲಿ ಕೇಕು ತಿನ್ನುತ್ತಿದ್ದ ಒಂದು ಕುಟುಂಬದ ಎದುರು ನೆಟ್ಟ ನೋಟದಲ್ಲಿ ಕೂತಿದ್ದ ಕರಿಯ.

ದಕ್ಷಿಣದ ಇಳಿಜಾರು ಕಡಿದು, ಹಿಂದೆ ಭೂಕುಸಿತವಾದ ಜಾಗ. ಅದರ ಕೆಳಗೆ ಲೀತ್ ಹಿಲ್ ಪ್ಲೇಸ್ ಎಂಬ ಹಳೆಯ ಬಂಗಲೆ. ಚಾರ್ಲ್ಸ್ ಡಾರ್ವಿನ್ನನ ಅಕ್ಕ ಕ್ಯಾರೊಲಿನ್ ಇಲ್ಲಿದ್ದರು. ತಮ್ಮ ಬಂದಾಗ ಇವರ ಹುಲ್ಲುಗಾವಲಿನಲ್ಲಿ ಎರೆಹುಳುಗಳ ಕೆಲಸ ಗಮನಿಸುತ್ತಿದ್ದ. ಎರೆಹುಳು ಕುರಿತ ಅವನ ಪುಸ್ತಕ ಬಂದದ್ದು 1881ರಲ್ಲಿ. ಕ್ಯಾರೊಲಿನ್ ನೆಡಿಸಿದ ರೋಡೊಡೆಂಡ್ರಾನ್ ತೋಪು ಈಗಲೂ ಮೇ ತಿಂಗಳಲ್ಲಿ ಕೆಂಪಾಗುತ್ತದೆ. ಅದರ ಎಲೆಯೂ ನಾಯಿಗೆ ವಿಷವೇ. ಚಂದದ್ದೆಲ್ಲ ಇವನಿಗೆ ಅಪಥ್ಯ ಎಂದು ತಂಗಿ ಗೊಣಗಿದಳು. ಇದೇ ಮನೆಯಲ್ಲಿ ಬೆಳೆದ ಹುಡುಗ ರಾಲ್ಫ್ ವಾನ್ ವಿಲಿಯಮ್ಸ್ 1914ರಲ್ಲಿ ‘ದಿ ಲಾರ್ಕ್ ಅಸೆಂಡಿಂಗ್’ ಎಂಬ ಪಿಟೀಲಿನ ಸಂಗೀತ ಕೃತಿ ರಚಿಸಿದ, ಮುಂದೆ 1944ರಲ್ಲಿ ಮನೆಯನ್ನು ನ್ಯಾಷನಲ್ ಟ್ರಸ್ಟಿಗೆ ಕೊಟ್ಟ. ಆಕಾಶಕ್ಕೇರುವ ಲಾರ್ಕ್ ಹಕ್ಕಿಗೆ ಪಿಟೀಲು ಹಿಡಿಸಿದವನ ಊರಿನಲ್ಲಿ, ಅದೇ ಹಕ್ಕಿಯ ಗೂಡಿಗಾಗಿ ಕರಿಯ ಎರಡು ಮೀಟರ್ ಹಗ್ಗಕ್ಕೆ ಒಗ್ಗಿಕೊಂಡು ನಡೆದ.

ಮತ್ತೆ ಉತ್ತರಕ್ಕೆ ತಿರುಗಿದೆವು. ಹಾದಿಯಲ್ಲಿ ಕುರಿ ಮೇಯುತ್ತಿದ್ದ ಒಂದು ಹುಲ್ಲುಗಾವಲು. ಇಲ್ಲಿ ಸಲುಗೆ ಪೂರ್ತಿ ಮುಗಿಯುತ್ತದೆ. 1953ರ ಕಾನೂನಿನ ಪ್ರಕಾರ ಕಚ್ಚುವುದು, ಅಟ್ಟುವುದು ಮಾತ್ರವಲ್ಲ, ಕುರಿಗಳಿರುವ ಹೊಲದಲ್ಲಿ ಹತೋಟಿಯಿಲ್ಲದೆ ಓಡಾಡಿದರೂ ಅಪರಾಧ. ಗಬ್ಬದ ಕುರಿ ಬೆದರಿ ಓಡಿದರೇ ಮರಿ ಹೋಗಬಹುದು. ಬೇರೆ ದಾರಿಯೇ ಇಲ್ಲದೆ ರೈತ ಆ ನಾಯಿಗೆ ಗುಂಡು ಹೊಡೆದು, 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿದರೆ 1971ರ ಕಾನೂನು ಅವನ ಪರ ನಿಲ್ಲುತ್ತದೆ. ಹಸುಗಳ ಲೆಕ್ಕ ಬೇರೆ, ಅಲ್ಲಿ ಅಪಾಯ ನಮಗೆ. ಕರುವಿರುವ ಹಸು ನಾಯಿಯನ್ನು ಕಂಡು ನುಗ್ಗಿ ಬಂದರೆ ಹಗ್ಗ ಬಿಟ್ಟುಬಿಡಬೇಕು. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ಹಗ್ಗ ಹಿಡಿದು ನಿಂತ ಮನುಷ್ಯ ತುಳಿತಕ್ಕೆ ಸಿಗುತ್ತಾನೆ. ಹೀಗೆ ಸತ್ತವರಿದ್ದಾರೆ.

ಕಾಡಿನ ಕೊನೆಯಲ್ಲಿ ಫ್ರೈಡೇ ಸ್ಟ್ರೀಟ್. ಹೆಸರು ಬೀದಿಯದಾದರೂ ಇರುವುದು ಒಂದು ಕೆರೆ, ಸುತ್ತ ಹತ್ತಾರು ಮನೆ. ಟಿಲ್ಲಿಂಗ್‌ಬೋರ್ನ್ ತೊರೆಯ ಕವಲಿಗೆ ಗಿರಣಿಗಾಗಿ ಕಟ್ಟಿದ ಕೆರೆ ಇದು. ಕಣಿವೆಯ ಕೆಳಗೆ ಚಿಲ್‌ವರ್ತ್‌ನಲ್ಲಿ ಇದೇ ತೊರೆಯ ನೀರಿನಿಂದ 1626ರಿಂದ ಈಸ್ಟ್ ಇಂಡಿಯಾ ಕಂಪನಿ ಸಿಡಿಮದ್ದಿನ ಪುಡಿ ಅರೆಯಿತು. ಇಷ್ಟು ಶಾಂತವಾದ ನೀರು ಯಾವ ಕೆಲಸಕ್ಕೆ ದುಡಿದಿತ್ತು ಎಂದು ತಿಳಿದ ಮೇಲೆ ನನಗೆ ಆ ಕೆರೆ ಮೊದಲಿನಂತೆ ಕಾಣಲಿಲ್ಲ. ಪಕ್ಕದ ವಾಟನ್ನಿನ ಜಾನ್ ಈವ್ಲಿನ್ ಕುಟುಂಬವೂ ಸಿಡಿಮದ್ದಿನ ವ್ಯಾಪಾರದಲ್ಲೇ ಬೆಳೆದದ್ದು. ಆದರೆ 1664ರಲ್ಲಿ ಹಡಗುಗಳಿಗೆ ಮರ ಸಾಲದಾದಾಗ, ಮರ ನೆಡಿ ಎಂದು ದೇಶಕ್ಕೆ ‘ಸಿಲ್ವಾ’ ಪುಸ್ತಕ ಬರೆದವನೂ ಇದೇ ಜಾನ್.

ಕರಿಯ ನೀರಿಗೆ ಎಳೆಯುತ್ತಿದ್ದ, ತಂಗಿ ಬಿಡಲಿಲ್ಲ. ಬೇಸಿಗೆಯಲ್ಲಿ ಇಂಥ ನಿಂತ ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿ ನಾಯಿಯ ಜೀವಕ್ಕೇ ಕುತ್ತು. ಇನ್ನೊಂದು ಕಾರಣ ಹೇಳಿದಾಗ ನನಗೆ ಹೊಸದೆನಿಸಿತು. ಚಿಗಟಕ್ಕೆಂದು ಬೆನ್ನಿಗೆ ಹಚ್ಚುವ ಮದ್ದಿನಲ್ಲಿರುವ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್ ನೀರಿನಲ್ಲಿ ತೊಳೆದು ಹೋಗಿ ಜಲಕೀಟಗಳನ್ನು ಕೊಲ್ಲುತ್ತವೆ, ಇಂಗ್ಲೆಂಡಿನ ನದಿಗಳಲ್ಲಿ ಎರಡೂ ಪತ್ತೆಯಾಗಿವೆ. ಆದರೆ ಮದ್ದು ಹಚ್ಚದೆಯೂ ಇರಲಾಗದು. ಜರೀಗಿಡಗಳ ನಡುವೆ ಉಣುಗು ಕಾದಿರುತ್ತದೆ, ಮನುಷ್ಯರಿಗೆ ಲೈಮ್ ಕಾಯಿಲೆ ಅಂಟಿಸುತ್ತದೆ. ಮಂಗನ ಕಾಯಿಲೆ ಕಂಡ ನಮ್ಮ ಮಲೆನಾಡಿಗರಿಗೆ ಉಣುಗಿನ ವಿಷಯ ಹೇಳಬೇಕಾಗಿಲ್ಲ.

ಇಡೀ ಹಾದಿಯಲ್ಲಿ ನನಗೆ ಸಿಟ್ಟು ತರಿಸಿದ್ದು ಒಂದೇ. ನಾಯಿಯ ಹೇಲನ್ನು ಚೀಲಕ್ಕೆ ತುಂಬಿ, ಗಂಟು ಹಾಕಿ, ಹಾಲಿ ಎಂಬ ಗಿಡದ ಕೊಂಬೆಗೆ ನೇತುಹಾಕಿ ಹೋಗುವವರು. ಎತ್ತುವ ಶ್ರಮವನ್ನೆಲ್ಲ ಪಟ್ಟು, ಕಸದ ಡಬ್ಬಿಯವರೆಗೆ ಒಯ್ಯುವ ಪುರುಸೊತ್ತಿಲ್ಲದವರ ತರ್ಕ ನನಗೆ ಅರ್ಥವಾಗಲೇ ಇಲ್ಲ. ಹಾಗೇ ಬಿಟ್ಟಿದ್ದರೆ ಎಂದಾದರೂ ಕರಗುತ್ತಿತ್ತು, ಪ್ಲಾಸ್ಟಿಕ್ಕಿನೊಳಗೆ ಅದೂ ಇಲ್ಲ.

ಕೋಲ್ಡ್‌ಹಾರ್ಬರ್‌ಗೆ ಮರಳಿದಾಗ ಪಬ್ಬಿನ ಬಾಗಿಲಲ್ಲಿ ನೀರಿನ ಬಟ್ಟಲು, ಒಳಗೆ ಕಲ್ಲುಹಾಸಿನ ಮೇಲೆ ಆಗಲೇ ಮೂರು ನಾಯಿಗಳು. ಕೆಸರು ಕಾಲಿಗೆ ಯಾರೂ ಮುಖ ಸಿಂಡರಿಸಲಿಲ್ಲ.

ನಾಯಿಯ ಜೊತೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಅಕ್ಟೋಬರ್. ಹಕ್ಕಿಗಳ ಹಗ್ಗದ ಅವಧಿ ಮುಗಿದಿರುತ್ತದೆ, ಸೆಕೆ ಇರುವುದಿಲ್ಲ, ದಾರಿಯುದ್ದಕ್ಕೂ ಚೆಸ್ಟ್‌ನಟ್ ಉದುರಿರುತ್ತದೆ. ಬೆಟ್ಟದ ಮೇಲಿನದು ಮರಳುಗಲ್ಲಿನ ನೆಲ, ಮಳೆ ಬಂದರೂ ನೀರು ಇಂಗುತ್ತದೆ. ದಕ್ಷಿಣದ ತಗ್ಗಿನದು ಅಂಟು ಜೇಡಿ, ಅಲ್ಲಿಗೆ ಇಳಿಯದೆ ಮೇಲಿನ ಕಾಡಿನಲ್ಲೇ ಸುತ್ತುವುದು ಜಾಣತನ. ಕೊರಳಪಟ್ಟಿಯಲ್ಲಿ ಮಾಲೀಕರ ಹೆಸರು, ವಿಳಾಸ ಇರಲೇಬೇಕು, ಇದು 1992ರ ಕಾನೂನು. ಡಿಕ್ಕಿಯಲ್ಲಿ ಎರಡು ಹಳೆಯ ಟವೆಲ್ ಇರಲಿ, ಒಂದು ಸಾಲುವುದಿಲ್ಲ.