ಬಚ್ಚಿಟ್ಟವರು, ಹುಡುಕಿದವರು: ಜಿಯೋಕ್ಯಾಶಿಂಗ್ ಆಟದ ರೀತಿನೀತಿ

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತ ನನ್ನ ಪಾಲಿಗೆ ಬಂತು. ಗ್ರಾಫ್ ಹಾಳೆಯ ಬಿಂದುಗಳನ್ನು ಮೈದಾನಕ್ಕೆ ತರೋಣವೆಂದು ಜಿಯೋಕ್ಯಾಶಿಂಗ್ ಆಟವನ್ನು ಚಟುವಟಿಕೆಯಾಗಿ ಆರಿಸಿಕೊಂಡೆ. ಆಡುವ ವಿಧಾನವನ್ನು ಪಾಠಯೋಜನೆಯಲ್ಲಿ ವಿವರವಾಗಿ ಬರೆದಿದ್ದೆ. ಆಟದ ರೀತಿನೀತಿಯನ್ನು ಮಾತ್ರ ಬಿಟ್ಟಿದ್ದೆ. ಎಡವಟ್ಟು ಆದದ್ದು ಅಲ್ಲೇ.

ಮೊದಲು ಆಟದ ಪರಿಚಯ. ನಾಗರಿಕರು ಬಳಸುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟಿನಲ್ಲಿ ಕೆಲವು ವಸ್ತುಗಳನ್ನೂ ಒಂದು ದಾಖಲೆ ಪುಸ್ತಕವನ್ನೂ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಟ್ಟುಹೋಗಿ, ಪುಸ್ತಕದಲ್ಲಿ ಬರೆಯಿರಿ ಎಂಬುದಷ್ಟೇ ಅವರ ಕಟ್ಟಳೆ. ಕೆಲವೇ ದಿನಗಳಲ್ಲಿ ಅದು ಬೇರೆಯವರ ಕೈಗೆ ಸಿಕ್ಕಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಆಡುವ ಆಟ ಇದು. ಹಾಗಾಗಿ ನಡೆಯುವುದೆಲ್ಲ ನಂಬಿಕೆಯ ಮೇಲೆ. ಬಚ್ಚಿಡುವವರು ಜಾಗದ ಒಡೆಯರ ಅನುಮತಿ ಪಡೆಯಬೇಕು. ನೆಲ ಅಗೆದು ಹೂಳಬಾರದು. ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು. ಹುಡುಕುವ ಕಷ್ಟಕ್ಕೂ ದಾರಿಯ ಕಷ್ಟಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು ಮೊದಲೇ ತಿಳಿಸಬೇಕು. ಮಂಡಿನೋವಿನವರು ಬೆಟ್ಟದ ಬುಡಕ್ಕೆ ಹೋಗಿ ವಾಪಸಾಗುವಂತಾಗಬಾರದು. ತಿಂಡಿ ಇಡಬಾರದು, ಪ್ರಾಣಿಗಳು ಬರುತ್ತವೆ. (ನಾನು ಪೆಪ್ಪರ್‌ಮಿಂಟ್ ಇಟ್ಟಿದ್ದೆ. ಮಧ್ಯಾಹ್ನದೊಳಗೆ ಇರುವೆ ಮುತ್ತಿತ್ತು.) ಇಟ್ಟ ಮೇಲೆ ಮರೆತುಬಿಡುವಂತೆಯೂ ಇಲ್ಲ. ಪುಸ್ತಕ ನೆನೆದರೆ ಬದಲಿಸುವುದು, ಡಬ್ಬಿ ಕಳೆದರೆ ಪ್ರಕಟಣೆಯನ್ನು ತಡೆಹಿಡಿಯುವುದು ಇಟ್ಟವರದೇ ಹೊಣೆ.

ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆಯಬೇಕು. ಸಿಕ್ಕಿತೆನ್ನುವುದಕ್ಕೆ ಆ ಬರಹವೇ ಸಾಕ್ಷಿ. ಅದಿಲ್ಲದಿದ್ದರೆ 'ಸಿಕ್ಕಿತು' ಎಂಬ ಹೇಳಿಕೆಯನ್ನು ಇಟ್ಟವರು ಅಳಿಸಬಹುದು. ವಸ್ತು ತೆಗೆದುಕೊಂಡರೆ ಅಷ್ಟೇ ಬೆಲೆಯದು ಅಥವಾ ಹೆಚ್ಚಿನದು ಇಡಬೇಕು. ಇನ್ನೂ ಒಳ್ಳೆಯ ಜಾಗವಿದೆ ಎಂದು ತಮಗನ್ನಿಸಿದರೂ ಡಬ್ಬಿಯನ್ನು ಇದ್ದಲ್ಲೇ ಮರಳಿ ಇಡಬೇಕು. ಮುಂದಿನವರಿಗೆ ಗುಟ್ಟು ಬಿಡಬಾರದು.

ನನಗೆ ಬಹಳ ಮುಖ್ಯವೆನಿಸಿದ್ದು 'ಸಿಗಲಿಲ್ಲ' ಎಂದು ಬರೆಯುವ ಪದ್ಧತಿ. ನಾಚಿಕೆಯಿಂದ ಕೆಲವರು ಇದನ್ನು ಬರೆಯುವುದೇ ಇಲ್ಲ. ಆದರೆ ದೂರದಲ್ಲಿರುವ ಬಚ್ಚಿಟ್ಟವರಿಗೆ ಸುದ್ದಿ ಮುಟ್ಟುವುದು ಇದರಿಂದಲೇ. ಒಬ್ಬರಿಗೆ ಸಿಗದಿದ್ದರೆ ಡಬ್ಬಿಯನ್ನು ಚೆನ್ನಾಗಿ ಬಚ್ಚಿಟ್ಟಿರಬಹುದು. ಸಾಲಾಗಿ ನಾಲ್ವರಿಗೆ ಸಿಗದಿದ್ದರೆ ಹೋಗಿ ನೋಡಲೇಬೇಕು. ನಡುವೆ ಒಬ್ಬರು ಸುಳ್ಳೇ 'ಸಿಕ್ಕಿತು' ಎಂದರೆ ಆ ಸರಣಿ ಮುರಿಯುತ್ತದೆ, ಮುಂದಿನವರು ವೃಥಾ ಅಲೆಯುತ್ತಾರೆ. ಸಿಗದಿದ್ದಾಗ ತಮ್ಮದೇ ಡಬ್ಬಿ ಇಟ್ಟು 'ಸಿಕ್ಕಿತು' ಎಂದು ಬರೆಯುವವರೂ ಇದ್ದಾರೆ. ಹಳಬರಿಗೆ ಅದು ಸರಿಬರುವುದಿಲ್ಲ.

ಇನ್ನು ನನ್ನ ತರಗತಿ. ಐದು ಡಬ್ಬಿ, ನಾಲ್ಕು ಗುಂಪು, ಸಹ ಪ್ರಶಿಕ್ಷಣಾರ್ಥಿಗಳ ನಾಲ್ಕು ಫೋನು. ಸಿಕ್ಕ ಪ್ರತಿ ಡಬ್ಬಿಗೆ ಎರಡು ಅಂಕ ಎಂದಿದ್ದೆ. ಮೂರು ಗುಂಪುಗಳು ಐದೂ ಸಿಕ್ಕವೆಂದು ಬರೆದುಕೊಟ್ಟವು. ಹುಡುಗಿಯರ ಒಂದು ಗುಂಪು ಮಾತ್ರ ನಾಲ್ಕನೆಯದರ ಮುಂದೆ, 'ಹತ್ತು ನಿಮಿಷ ಹುಡುಕಿದೆವು, ಸಿಗಲಿಲ್ಲ. ಫೋನು ನೀರಿನ ಟ್ಯಾಂಕಿನ ಹತ್ತಿರ ತೋರಿಸುತ್ತದೆ, ಅಲ್ಲಿ ಬರೀ ಸಿಮೆಂಟ್ ನೆಲ' ಎಂದು ಬರೆದಿತ್ತು. ಅವರಿಗೆ ಎಂಟು ಅಂಕ ಕೊಟ್ಟೆ. ಅಷ್ಟಕ್ಕೇ ಬಿಡದೆ, "ಉಳಿದವರಿಗೆಲ್ಲ ಸಿಕ್ಕಿದೆಯಲ್ಲ, ಗಮನವಿಟ್ಟು ಹುಡುಕಬೇಕಿತ್ತು" ಎಂದು ಎಲ್ಲರೆದುರು ಅಂದೆ.

ಸಂಜೆ ಡಬ್ಬಿಗಳನ್ನು ತರಲು ಹೋದೆ. ನಾಲ್ಕನೆಯದು ಹಿಂದಿನ ಬೇವಿನ ಮರದ ಬುಡದಲ್ಲಿ ಇಟ್ಟ ಹಾಗೇ ಇತ್ತು. ಒಳಗಿನ ಸಹಿ ಹಾಳೆಯಲ್ಲಿ ಒಂದು ಹೆಸರೂ ಇಲ್ಲ. ನನ್ನ ಟಿಪ್ಪಣಿ ತೆಗೆದು ನೋಡಿದರೆ, ಅಕ್ಷಾಂಶದ ನಾಲ್ಕನೇ ದಶಮಾಂಶ ಸ್ಥಾನದ 3 ಮಕ್ಕಳ ಹಾಳೆಗೆ ಇಳಿಯುವಾಗ 8 ಆಗಿತ್ತು. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ.; ನಾಲ್ಕನೇ ಸ್ಥಾನದ ಒಂದು ಅಂಕಿಗೆ ಸುಮಾರು 11 ಮೀಟರ್. ನಾನು ಡಬ್ಬಿಯನ್ನು 55 ಮೀಟರ್ ಆಚೆ ತೋರಿಸಿದ್ದೆ. ಅಲ್ಲಿರುವುದು ನೀರಿನ ಟ್ಯಾಂಕು.

ಮರುದಿನ ಎರಡೂ ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅಂತರವೆಷ್ಟು ಲೆಕ್ಕಹಾಕಿ ಎಂದೆ. ಉತ್ತರ ಬಂದ ಮೇಲೆ ತಪ್ಪು ನನ್ನದೆಂದು ಹೇಳಿ, ಆ ಹುಡುಗಿಯರ ಕ್ಷಮೆ ಕೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ನಮ್ಮ ಎರಡು ಮಾರ್ಕ್ಸ್ ಕಟ್ ಮಾಡ್ತೀರಾ?" ಎಂದ. ನಾಲ್ಕನೇ ಡಬ್ಬಿಯ ಅಂಕವನ್ನು ಎಲ್ಲರ ಲೆಕ್ಕದಿಂದಲೂ ತೆಗೆದೆ, ಅದಕ್ಕಿಂತ ಹೆಚ್ಚು ದಂಡಿಸಲಿಲ್ಲ. 'ಸಿಕ್ಕಿತು' ಎಂಬ ಪದಕ್ಕೆ ಮಾತ್ರ ಬೆಲೆ ಕಟ್ಟಿದವಳು ನಾನೇ ತಾನೆ? ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ನಮೂನೆಯಲ್ಲಿ, ಡಬ್ಬಿ ಇಟ್ಟವರಲ್ಲದೆ ಇನ್ನೊಬ್ಬರು ಮೊದಲೇ ಒಮ್ಮೆ ಹುಡುಕಿ ನೋಡಬೇಕು ಎಂದು ಬರೆದರು.

'ಬಿ' ವಿಭಾಗಕ್ಕೆ ಹೋಗುವಾಗ ಹಾಳೆಯಲ್ಲಿ 'ಸಿಗಲಿಲ್ಲ, ಎಲ್ಲೆಲ್ಲಿ ಹುಡುಕಿದಿರಿ?' ಎಂಬ ಕಾಲಂ ಸೇರಿಸಿದೆ. ಅದಕ್ಕೂ ಎರಡೇ ಅಂಕ. ಮೂರನೇ ಡಬ್ಬಿಗೆ ಎರಡು ಗುಂಪುಗಳು ಆ ಕಾಲಂ ತುಂಬಿದವು. ಬಿಡುವಿನ ವೇಳೆ ಹೋಗಿ ನೋಡಿದೆ: ಡಬ್ಬಿ ಕಾಂಪೌಂಡ್ ಗೋಡೆಯ ಆಚೆ ಬಿದ್ದಿತ್ತು.