ಪೇಟೆಯ ಹೊರಗಣ ಷೇರುಗಳು: ಗೃಹಸ್ಥರು ಅರಿಯಬೇಕಾದುದು

ಅಜ್ಜಂಪುರದ ಭಕ್ತರೊಬ್ಬರ ಮನೆಗೆ ಪೂಜೆಯ ನಿಮಿತ್ತ ಹೋಗಿದ್ದೆವು. ಪ್ರಸಾದವಾದ ಬಳಿಕ ಮನೆಯ ಯಜಮಾನರು ನಮ್ಮ ಬಳಿ ಕುಳಿತು, "ಶಾಸ್ತ್ರಿಗಳೇ, ಅಡಿಕೆ ಮಾರಿದ ಮೂರು ಲಕ್ಷ ರೂಪಾಯಿ ಮಗಳ ಮದುವೆಗೆಂದು ಇದೆ. ಪೇಟೆಗೆ ಇನ್ನೂ ಬಾರದ ಕಂಪನಿಯ ಷೇರನ್ನು ಈಗಲೇ ಕೊಂಡರೆ ವರ್ಷದಲ್ಲಿ ಎರಡರಷ್ಟಾಗುತ್ತದೆಂದು ಒಬ್ಬರು ದಿನವೂ ಫೋನು ಮಾಡುತ್ತಾರೆ. ಏನು ಮಾಡಲಿ?" ಎಂದು ಕೇಳಿದರು. ಇದು ಅವರೊಬ್ಬರ ಪ್ರಶ್ನೆಯಲ್ಲವಾದುದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಸೀಮೆಯವರಿಗೆ ಈ ವ್ಯವಹಾರದ ಮರ್ಮ ಹೊಸದಲ್ಲ. ತರೀಕೆರೆಯ ಬೆಳೆಗಾರನು ಅಡಿಕೆಯನ್ನು ಮಂಡಿಗೆ ಒಯ್ದರೆ ಹಲವರು ದರ ಹೇಳುತ್ತಾರೆ. ಅಂದಿನ ಧಾರಣೆ ಊರಿಗೆಲ್ಲ ತಿಳಿಯುತ್ತದೆ. ತೋಟವನ್ನೇ ಚೇಣಿಗೆ ಕೊಟ್ಟರೆ ಇಬ್ಬರ ನಡುವಿನ ಮಾತೇ ದರ. ಕಡೂರಿನ ತೆಂಗಿನಕಾಯಿಗೂ ಇದೇ ನ್ಯಾಯ. ಷೇರು ವಿನಿಮಯ ಕೇಂದ್ರವು ಮಂಡಿಯಿದ್ದಂತೆ. ಅದರ ಹೊರಗಿನ ಕೊಡುಕೊಳ್ಳುವಿಕೆ ಚೇಣಿಯಿದ್ದಂತೆ. ಚೇಣಿ ಮೋಸವಲ್ಲ, ಆದರೆ ಬೆಲೆ ಬಲ್ಲವನಿಗೆ ಲಾಭ, ಅರಿಯದವನಿಗೆ ನಷ್ಟ.

ಸಣ್ಣ ಕಂಪನಿಗಳ ಷೇರುಗಳಿಗಾಗಿಯೇ ನಮ್ಮ ದೇಶದಲ್ಲಿ 1990ರಲ್ಲಿ 'ಓವರ್ ದ ಕೌಂಟರ್ ಎಕ್ಸ್‌ಚೇಂಜ್ ಆಫ್ ಇಂಡಿಯಾ' ಎಂಬ ಸಂಸ್ಥೆ ಸ್ಥಾಪಿತವಾಗಿ, 1992ರಲ್ಲಿ ವಹಿವಾಟನ್ನಾರಂಭಿಸಿತು. ಅಮೆರಿಕದ ನಾಸ್ಡಾಕ್ ಅದಕ್ಕೆ ಮಾದರಿ. ಗಣಕದ ಪರದೆಯ ಮೇಲೆ ವ್ಯಾಪಾರ ನಡೆಸಿದ ನಮ್ಮಲ್ಲಿನ ಮೊದಲ ಕೇಂದ್ರವೂ ಅದೇ. ಆದರೂ ಕೊಳ್ಳುವವರು ಕಡಿಮೆಯಾಗಿ ಸೊರಗಿತು, 2015ರಲ್ಲಿ ಮುಚ್ಚಿತು. 1963ರಲ್ಲಿ ಆರಂಭವಾಗಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರವೂ 2014ರಲ್ಲಿ ನಿಂತುಹೋಯಿತು.

ಆ ದಿನಗಳಲ್ಲಿ ಮಿತ್ರರ ಮಾತು ಕೇಳಿ ನಾವೂ ಒಂದು ಸಣ್ಣ ಕಂಪನಿಯ ನೂರು ಷೇರು ಕೊಂಡಿದ್ದೆವು. ಎರಡು ವರ್ಷಗಳ ತರುವಾಯ ಮನೆಯಲ್ಲಿ ಕಾಯಿಲೆ ಬಂದು ಹಣ ಬೇಕಾದಾಗ, ಕಾಗದದ ಮೇಲೆ ಬೆಲೆಯಿತ್ತು, ಕೊಳ್ಳುವವನಿರಲಿಲ್ಲ. ಮಾರಲಾಗದ ವಸ್ತುವಿನ ಬೆಲೆ ಬರಿಯ ಮಾತೆಂಬುದು ಅಂದು ನಮಗೆ ಮನದಟ್ಟಾಯಿತು.

ಇಂದು ಪೇಟೆಯ ಹೊರಗಣ ಷೇರುಗಳು ಡಿಮ್ಯಾಟ್ ಖಾತೆಯಿಂದ ಖಾತೆಗೆ ವರ್ಗವಾಗುತ್ತವೆ. 2018ರ ಅಕ್ಟೋಬರ್ 2ರಿಂದ ಪಟ್ಟಿಯಲ್ಲಿಲ್ಲದ ಸಾರ್ವಜನಿಕ ಕಂಪನಿಗಳ ಷೇರುಗಳನ್ನೂ ಡಿಮ್ಯಾಟ್ ರೂಪದಲ್ಲಿಯೇ ವರ್ಗಾಯಿಸಬೇಕೆಂಬ ನಿಯಮವಿದೆ. ಆದರೆ ಹಣ ಕೊಟ್ಟು ಷೇರು ಬಾರದಿದ್ದರೆ ಮಧ್ಯೆ ನಿಂತು ಹೊಣೆ ಹೊರುವ ವಿನಿಮಯ ಕೇಂದ್ರ ಇಲ್ಲಿಲ್ಲ. ಅನುಮತಿಯಿಲ್ಲದ ಇಂತಹ ವೇದಿಕೆಗಳ ವಿಷಯದಲ್ಲಿ ಸೆಬಿ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಜನರನ್ನು ಎಚ್ಚರಿಸಿದೆ.

ಬೆಲೆಯ ಮಾತಿಗೆ ಒಂದು ನಿದರ್ಶನ ಸಾಕು. ಎಚ್‌ಡಿಬಿ ಫೈನಾನ್ಷಿಯಲ್ ಸರ್ವೀಸಸ್‌ನ ಷೇರನ್ನು ಹೊರಗೆ 1,200 ರೂಪಾಯಿಗೂ ಮೇಲೆ ಕೊಂಡವರಿದ್ದರು. 2025ರ ಜೂನಿನಲ್ಲಿ ಕಂಪನಿಯೇ ಸಾರ್ವಜನಿಕರಿಗೆ ಹಂಚಿದಾಗ ಗರಿಷ್ಠ ದರ 740 ರೂಪಾಯಿ! ಕಂಪನಿ ಒಳ್ಳೆಯದೇ, ಕೊಂಡ ಬೆಲೆ ತಪ್ಪು. ಮೇಲಾಗಿ, ಹಂಚಿಕೆಗೆ ಮುನ್ನ ಕೊಂಡ ಷೇರನ್ನು ಸಾಮಾನ್ಯವಾಗಿ ಆರು ತಿಂಗಳು ಮಾರುವಂತಿಲ್ಲ.

ಆದುದರಿಂದ, ಕೊಳ್ಳಲೇಬೇಕೆನ್ನುವವರು ಕಂಪನಿಯ ವಾರ್ಷಿಕ ವರದಿಯನ್ನು ತಿಳಿದವರಿಂದ ಓದಿಸಿ ಲಾಭ, ಸಾಲಗಳನ್ನು ಅರಿಯಲಿ. ಇಬ್ಬರು ಮೂವರು ವ್ಯಾಪಾರಿಗಳಲ್ಲಿ ಕೊಳ್ಳುವ ದರವನ್ನೂ ಮಾರುವ ದರವನ್ನೂ ಕೇಳಲಿ. ಎರಡರ ಅಂತರವೇ ವ್ಯಾಪಾರಿಯ ಪಾಲು. ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ಲಿಖಿತ ದಾಖಲೆ ಇಟ್ಟುಕೊಳ್ಳಲಿ. ಮದುವೆ, ವಿದ್ಯೆ, ಔಷಧಗಳ ಹಣವನ್ನು ಮಾತ್ರ ಇದಕ್ಕೆ ತೊಡಗಿಸದಿರಲಿ.

ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಷೇರುಪತ್ರಗಳಿದ್ದರೆ ಎಸೆಯಬೇಡಿ. ಏಳು ವರ್ಷ ನಿರಂತರವಾಗಿ ಲಾಭಾಂಶ ಪಡೆಯದ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ ಸೇರುತ್ತವೆ. ವಾರಸುದಾರರು ದಾಖಲೆ ಸಹಿತ ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದು.

ಇವನ್ನೆಲ್ಲ ಕೇಳಿದ ಯಜಮಾನರು ಒಳಗೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ, "ಚೇಣಿಯವನಿಗೂ ನಾವು ಮುಂಗಡ ಪಡೆಯದೆ ತೋಟ ಬಿಡುವುದಿಲ್ಲವಲ್ಲ, ಕಾಣದವನಿಗೆ ಹಣ ಕೊಡುವುದೇ?" ಎಂದರು. ಹಣ ಬ್ಯಾಂಕಿನಲ್ಲಿಯೇ ಉಳಿಯಿತು. ಇದಕ್ಕಿಂತ ಹೆಚ್ಚಿನ ಶಾಸ್ತ್ರವನ್ನು ನಾವೂ ಹೇಳಲಾರೆವು.