ಸೌತ್ ಪೆರೇಡ್ ಎಂಬ ಬೀದಿ

ಊರುಗಳ ಹೆಸರನ್ನು ಕುರಿತು ವಿಚಾರಮಾಡುವ ವಿದ್ವಾಂಸರು ಬೀದಿಗಳ ಹೆಸರನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಊರಿನ ಹೆಸರು ಜನರ ಬಾಯಲ್ಲಿ ತಾನಾಗಿ ಬೆಳೆದುದು. ಬೀದಿಯ ಹೆಸರಾದರೋ ಅನೇಕ ವೇಳೆ ಆಳುವವರು ಇಟ್ಟದ್ದು. ಆದುದರಿಂದಲೇ ಆಳ್ವಿಕೆಯ ಚರಿತ್ರೆಯನ್ನು ಅದರಲ್ಲಿ ಓದಬಹುದು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯನ್ನೇ ತೆಗೆದುಕೊಳ್ಳೋಣ.

ಇದರ ಹಿಂದಿನ ಹೆಸರು ಸೌತ್ ಪೆರೇಡ್. 1799ರಲ್ಲಿ ಟಿಪ್ಪುಸುಲ್ತಾನನು ಮಡಿದ ತರುವಾಯ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ್ದ ಇಂಗ್ಲಿಷರ ಸೈನ್ಯವು ಅಲ್ಲಿಯ ಚಳಿಜ್ವರವನ್ನು ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂದಿತು. ಹಲಸೂರಿನ ಪಡುವಲಿಗೆ ಕವಾಯತಿಗೆಂದು ವಿಶಾಲವಾದ ಬಯಲೊಂದು ಏರ್ಪಟ್ಟು, ಅದರ ಸುತ್ತಲೂ ಹೊಸ ಊರು ಬೆಳೆಯಿತು. ಬಯಲಿನ ತೆಂಕಣ ಅಂಚಿನ ರಸ್ತೆಯೇ ಸೌತ್ ಪೆರೇಡ್. ಹೆಸರಿನಲ್ಲಿ ದೇವರಿಲ್ಲ, ದೊರೆಯಿಲ್ಲ. ಒಂದು ದಿಕ್ಕು, ಒಂದು ಕವಾಯತು, ಅಷ್ಟೆ. ಹಳೆಯ ಊರಿನಲ್ಲಿ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳು ಅಲ್ಲಿಯ ವ್ಯಾಪಾರದಿಂದ ಹೆಸರು ಪಡೆದಿದ್ದರೆ, ಇಲ್ಲಿ ಸಿಪಾಯಿಯ ಹೆಜ್ಜೆಯೇ ಹೆಸರು ಕೊಟ್ಟಿತು. ಪೇಟೆಯವರು ಈ ಸೀಮೆಯನ್ನೆಲ್ಲ ‘ದಂಡು’ ಎಂದೇ ಕರೆದರು. ಅಲ್ಲಿಯ ರೈಲು ನಿಲ್ದಾಣಕ್ಕೆ ಆ ಹೆಸರು ಇಂದಿಗೂ ಉಂಟು.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಮಾತ್ರ ರೆಸಿಡೆಂಟರ ಕೈಯಲ್ಲಿಯೇ ಉಳಿಯಿತು. ಒಂದೇ ಊರೆನ್ನಿಸಿಕೊಳ್ಳುವ ನೆಲದಲ್ಲಿ ಎರಡು ಆಡಳಿತ! ಮೈಸೂರಿಗೆ ಅದು ಹಿಂತಿರುಗಿದ್ದು 1947ರಲ್ಲಿ. ಎರಡು ಪುರಸಭೆಗಳೂ ಸೇರಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ಇವೆರಡರ ನಡುವೆ, ಗಾಂಧೀಜಿಯವರು ಹತರಾದ ಮರುತಿಂಗಳು, ಎಂದರೆ 1948ರ ಫೆಬ್ರವರಿಯಲ್ಲಿ, ಸೌತ್ ಪೆರೇಡ್ ಮಹಾತ್ಮಾ ಗಾಂಧಿ ರಸ್ತೆಯಾಯಿತು. ಶೋಕದ ಜೊತೆಗೆ, ದಂಡು ನಮ್ಮದಾಯಿತೆಂಬ ಘೋಷಣೆಯೂ ಅದರಲ್ಲಿ ಅಡಗಿತ್ತೆಂದು ನನ್ನ ಎಣಿಕೆ.

ಹಳೆಯ ಹೆಸರು ಸ್ಥಳವನ್ನು ತಿಳಿಸುತ್ತಿತ್ತು, ಹೊಸದು ತಿಳಿಸುವುದಿಲ್ಲ ಎಂದು ಆಕ್ಷೇಪಿಸುವವರುಂಟು. ಆ ಮಾತು ನಿಜ. ಆದರೆ ಸೈನ್ಯದ ಬೀದಿಗೆ ಅಹಿಂಸಾವಾದಿಯ ಹೆಸರಿಟ್ಟವರ ಧೈರ್ಯ ನನಗೆ ಮೆಚ್ಚುಗೆ. ವ್ಯಸನಕ್ಕೆ ಕಾರಣ ಬೇರೆ: ಅದೀಗ ಎಲ್ಲರ ಬಾಯಲ್ಲಿಯೂ ‘ಎಂ.ಜಿ. ರೋಡು’. ಆ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಮಹಾತ್ಮರೂ ಇಲ್ಲ, ಗಾಂಧಿಯವರೂ ಇಲ್ಲ.

ರಸ್ತೆಯ ಪಡುವಣ ತುದಿಯಲ್ಲಿ ಕಸ್ತೂರಬಾ ರಸ್ತೆಯು ಬಂದು ಕೂಡುತ್ತದೆ. ಆ ಸಂಗಮದ ಬಳಿಯಲ್ಲಿಯೇ, 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ನಿಂತಿದೆ. 2011ರಿಂದ ರಸ್ತೆಯ ಪಕ್ಕದಲ್ಲಿ, ಕಂಬಗಳ ಮೇಲೆ, ಮೆಟ್ರೋ ರೈಲು ಓಡುತ್ತಿದೆ. ಬಯಲು ಮಾತ್ರ ಇದ್ದಲ್ಲಿಯೇ ಇದೆ. ಈಗ ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಅವರ ಹೆಸರನ್ನು ಹೊತ್ತಿರುವ ಅಲ್ಲಿ, ಗಣರಾಜ್ಯೋತ್ಸವದ ಬೆಳಿಗ್ಗೆ ಇಂದಿಗೂ ಕವಾಯತು ನಡೆಯುತ್ತದೆ.